ಅಪ್ಪನ ಕಬ್ಬು, ನನ್ನ ಟರ್ಬೊ: ಬಂಕಲ್ಲಿ ಯಾವ ಪೆಟ್ರೋಲ್ ಹಾಕಿಸ್ಲಿ?

(ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಈ ಸಲ ಕಥೆ ಶುರುವಾಗೋದು ಒಂದು ಪೆಟ್ರೋಲ್ ಬಂಕಲ್ಲಿ. ನನ್ನ ಹತ್ರ ಒಂದು ಸೆಕೆಂಡ್ ಹ್ಯಾಂಡ್ ಕಾರಿದೆ. 2016ರ ಮಾಡೆಲ್, ಚಿಕ್ಕ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನೋಡೋಕೆ ಸಾಧು, ಆಕ್ಸಿಲರೇಟರ್ ಒತ್ತಿದ್ರೆ ಮಾತ್ರ ಬೇರೆಯದೇ ಪ್ರಾಣಿ. ಅದರ ಟ್ಯಾಂಕಿನ ಮುಚ್ಚಳದ ಒಳಗೆ ಒಂದು ಸ್ಟಿಕ್ಕರ್ ಇದೆ: ಕನಿಷ್ಠ 95 ಆಕ್ಟೇನ್, ಎಥನಾಲ್ ಶೇ 10ರವರೆಗೆ ಮಾತ್ರ. ಬಂಕ್ ಹುಡುಗ ಪ್ರತಿ ಸಲ ಕೇಳ್ತಾನೆ, "ನಾರ್ಮಲ್ಲಾ, ಪ್ರೀಮಿಯಮ್ಮಾ ಸರ್?" ನಾರ್ಮಲ್ ಅಂದ್ರೆ ಈಗ ಶೇ 20 ಎಥನಾಲ್ ಇರೋ ಇ20, ನಮ್ಮ ಬೆಂಗಳೂರಲ್ಲಿ ಲೀಟರಿಗೆ ಹೆಚ್ಚುಕಡಿಮೆ 103 ರೂಪಾಯಿ. ಎಥನಾಲ್ ಇಲ್ಲ ಅಂತ ಮಾರಾಟವಾಗೋ ನೂರು ಆಕ್ಟೇನ್ ಪೆಟ್ರೋಲ್ ಬೇಕು ಅಂದ್ರೆ 160ರ ಆಸುಪಾಸು.

ಕಳೆದ ವರ್ಷ ಸರ್ವಿಸ್‌ಗೆ ಬಿಟ್ಟಾಗ ಫ್ಯೂಯೆಲ್ ಪಂಪ್ ಮತ್ತು ಎರಡು ರಬ್ಬರ್ ಪೈಪ್ ಹೋಗಿವೆ ಅಂತ ಹದಿನಾಲ್ಕು ಸಾವಿರದ ಬಿಲ್ ಕೈಗೆ ಬಂತು. "ಎಥನಾಲ್ ಸರ್, ಎಲ್ಲಾ ಎಥನಾಲ್" ಅಂದ್ರು ಅಲ್ಲಿನವರು. ಆ ಸಿಟ್ಟಲ್ಲೇ ಊರಿಗೆ ಹೋದೆ. ಊರು ಮಂಡ್ಯ ಜಿಲ್ಲೆ, ಅಪ್ಪ ಕಬ್ಬು ಬೆಳೀತಾರೆ. ಊಟಕ್ಕೆ ಕೂತಾಗ ಎಥನಾಲ್‌ಗೆ ಚೆನ್ನಾಗಿ ಬೈದೆ. ಅಪ್ಪ ತಟ್ಟೆಯಿಂದ ತಲೆ ಎತ್ತದೇನೇ ಹೇಳಿದ್ರು: "ನಿನ್ ಕಾಲೇಜ್ ಫೀಸು ಯಾಕ್ ಲೇಟಾಯ್ತು ಅಂತ ಮರ್ತೋಯ್ತೇನ್ಲಾ?"

ಮರೆತಿರಲಿಲ್ಲ. 2018, ಬಿ.ಕಾಂ. ಕೊನೇ ವರ್ಷ. ಕಬ್ಬು ಕಟಾವಾಗಿ, ಲಾರಿ ಹತ್ತಿ, ಅರೆದು ಸಕ್ಕರೆಯಾಗಿ ಎಷ್ಟೋ ತಿಂಗಳಾಗಿತ್ತು. ಕಾರ್ಖಾನೆಯಿಂದ ದುಡ್ಡು ಮಾತ್ರ ಬಂದಿರಲಿಲ್ಲ. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ನಮ್ಮ ಮನೇಲಿ ಆ ಹದಿನಾಲ್ಕು ದಿನ ಮುಗಿಯೋಕೆ ಮುಂದಿನ ಯುಗಾದಿ ಬಂತು. ಕಾರ್ಖಾನೆಗಳ ಬಳಿ ಸಕ್ಕರೆ ರಾಶಿ ಬಿದ್ದಿದೆ, ಕೊಳ್ಳೋರಿಲ್ಲ, ಅದಕ್ಕೇ ದುಡ್ಡಿಲ್ಲ ಅಂತ ಆಗ ಕಾರಣ ಹೇಳ್ತಿದ್ರು. ಆ ಕಬ್ಬನ್ನೇ ಎಥನಾಲ್ ಮಾಡಿ ಪೆಟ್ರೋಲಿಗೆ ಸೇರಿಸೋದು ಆ ಸಮಸ್ಯೆಗೆ ಸರ್ಕಾರ ಕಂಡುಕೊಂಡ ದಾರಿ. ಅಂದ್ರೆ ಅಪ್ಪನ ಬಾಕಿ ತೀರಿಸೋ ವಸ್ತುವೇ ನನ್ನ ಕಾರಿನ ಪೈಪ್ ತಿನ್ನುತ್ತಿದೆ ಅನ್ನೋ ಆರೋಪ. ಇದನ್ನ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು ಅನ್ನಿಸ್ತು. ಹೋದವನು ನೂರು ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಮೊದಲು, ಆಕ್ಟೇನ್ ಅಂದ್ರೆ ಏನು?

ಆಕ್ಟೇನ್ ಜಾಸ್ತಿ ಇದ್ರೆ ಪೆಟ್ರೋಲಿಗೆ ಶಕ್ತಿ ಜಾಸ್ತಿ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಆಕ್ಟೇನ್ ಹೇಳೋದು ಇಂಧನದ ತಾಳ್ಮೆಯನ್ನ. ಸಿಲಿಂಡರ್ ಒಳಗೆ ಗಾಳಿ ಮತ್ತು ಪೆಟ್ರೋಲ್ ಮಿಶ್ರಣವನ್ನ ಪಿಸ್ಟನ್ ಒತ್ತುತ್ತೆ. ಒತ್ತಿದ್ದೆಲ್ಲ ಬಿಸಿಯಾಗುತ್ತೆ. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಬೆಂಕಿ ತಲುಪೋ ಮೊದಲೇ ಮೂಲೆಯಲ್ಲಿರೋ ಮಿಶ್ರಣ ತಾನಾಗಿ ಸಿಡಿದರೆ ಟಕಟಕ ಅಂತ ಸದ್ದು ಬರುತ್ತೆ. ಅದೇ ನಾಕಿಂಗ್. ಅದು ಹೆಚ್ಚಾದರೆ ಪಿಸ್ಟನ್ನೇ ತೂತು ಬೀಳಬಹುದು. ಆಕ್ಟೇನ್ ಹೆಚ್ಚಿದ್ದಷ್ಟೂ ಇಂಧನ ಹಾಗೆ ಅವಸರಪಡದೆ ಒತ್ತಡ ತಡ್ಕೊಳ್ಳುತ್ತೆ.

ಟರ್ಬೊ ಇಂಜಿನ್‌ಗೆ ಇದು ಯಾಕೆ ಮುಖ್ಯ ಅಂದ್ರೆ, ಅದು ಗಾಳಿಯನ್ನ ಮೊದಲೇ ಒತ್ತಿ ಒಳಗೆ ತಳ್ಳುತ್ತೆ. ತಾಳ್ಮೆ ಇಲ್ಲದ ಪೆಟ್ರೋಲ್ ಹಾಕಿದರೆ ನಾಕ್ ಸೆನ್ಸರ್ ಎಚ್ಚರಗೊಂಡು ಕಂಪ್ಯೂಟರ್ ಸ್ಪಾರ್ಕನ್ನ ತಡಮಾಡುತ್ತೆ. ಇಂಜಿನ್ ಉಳಿಯುತ್ತೆ, ಆದರೆ ನಾವು ದುಡ್ಡು ಕೊಟ್ಟು ಕೊಂಡ ಆ ಎಳೆತ ಮಾಯ.

ಈಗ ಎಥನಾಲ್ ಕಡೆ ಬನ್ನಿ. ಅದರ ಆಕ್ಟೇನ್ ನೂರಕ್ಕೂ ಮೇಲೆ, ಸುಮಾರು 108. ಆವಿಯಾಗುವಾಗ ಪೆಟ್ರೋಲಿಗಿಂತ ಬಹಳ ಹೆಚ್ಚು ಶಾಖ ಹೀರಿಕೊಂಡು ಸಿಲಿಂಡರನ್ನ ತಣ್ಣಗೆ ಮಾಡುತ್ತೆ. ಸ್ಪೀಡ್ ಬೇಕಾದ ಇಂಜಿನ್‌ಗೆ ಇವೆರಡೂ ವರ. ಕೆಟ್ಟ ಗುಣಗಳೂ ಎರಡಿವೆ. ಒಂದು ಲೀಟರ್ ಪೆಟ್ರೋಲಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲಲ್ಲಿ ಸುಮಾರು 21 ಮಾತ್ರ, ಹಾಗಾಗಿ ಮೈಲೇಜ್ ಇಳಿಯುತ್ತೆ. ಇನ್ನೊಂದು, ಅದು ನೀರನ್ನ ಎಳ್ಕೊಳ್ಳುತ್ತೆ, ಮತ್ತು ಅದಕ್ಕೆಂದು ಮಾಡದ ರಬ್ಬರನ್ನ ಕಾಲಕ್ರಮೇಣ ಕೆಡಿಸುತ್ತೆ.

ನಾವಿವತ್ತು ಬಂಕಲ್ಲಿ ಮಾಡೋ ಜಗಳದ ಸಾಮಾನೆಲ್ಲ ಇಷ್ಟೇ. ಇದೇ ಸಾಮಾನು ಇಟ್ಕೊಂಡು ಅಮೆರಿಕದಲ್ಲಿ 1921ರಲ್ಲೇ ಒಂದು ತೀರ್ಮಾನ ಆಯ್ತು.

ಡೇಟನ್, 1921

ಒಹಾಯೊ ರಾಜ್ಯದ ಡೇಟನ್‌ನಲ್ಲಿ ಜನರಲ್ ಮೋಟರ್ಸ್‌ನ ಸಂಶೋಧನಾ ಲ್ಯಾಬ್. ಚಾರ್ಲ್ಸ್ ಕೆಟರಿಂಗ್ ಅದರ ಮುಖ್ಯಸ್ಥ, ಅವರ ಕೈಕೆಳಗೆ ಥಾಮಸ್ ಮಿಡ್‌ಗ್ಲೀ ಅನ್ನೋ ಇಂಜಿನಿಯರ್. ನಾಕಿಂಗ್ ನಿಲ್ಲಿಸೋ ವಸ್ತು ಹುಡುಕೋದು ಇವರ ಕೆಲಸ. ಅಯೋಡಿನ್, ಅನಿಲೀನ್, ಸೆಲೇನಿಯಂ, ಟೆಲ್ಯೂರಿಯಂ ಅಂತ ಒಂದಾದ ಮೇಲೊಂದು ನೋಡಿದರು. ಟೆಲ್ಯೂರಿಯಂ ಕೆಲಸ ಮಾಡ್ತು, ಆದರೆ ಮೈಯೆಲ್ಲ ಬೆಳ್ಳುಳ್ಳಿ ವಾಸನೆ, ಸ್ನಾನ ಮಾಡಿದರೂ ಹೋಗ್ತಿರಲಿಲ್ಲವಂತೆ.

ಆಲ್ಕೋಹಾಲ್ ನಾಕಿಂಗ್ ತಡೆಯುತ್ತೆ ಅನ್ನೋದು ಇವರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ವರ್ಷದ ಅಕ್ಟೋಬರಲ್ಲಿ ಮಿಡ್‌ಗ್ಲೀ ಶೇ 30 ಆಲ್ಕೋಹಾಲ್ ಬೆರೆಸಿದ ಪೆಟ್ರೋಲ್ ಹಾಕ್ಕೊಂಡು ಹೆಚ್ಚಿನ ಕಂಪ್ರೆಷನ್ ಇರೋ ಕಾರನ್ನ ಇಂಜಿನಿಯರುಗಳ ಸಭೆಗೆ ಓಡಿಸ್ಕೊಂಡು ಹೋಗಿದ್ದರು. ಇವತ್ತಿನ ಇ20ಯನ್ನೂ ಮೀರಿದ ಮಿಶ್ರಣ, ನೂರು ವರ್ಷದ ಹಿಂದೆ!

ಎರಡು ತಿಂಗಳಾದ ಮೇಲೆ, 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಪರೀಕ್ಷೆಯಲ್ಲಿ ಗೆದ್ದಿತು. ನಮ್ಮ ಮಾತಲ್ಲಿ ಹೇಳಬೇಕಂದ್ರೆ, ಸೀಸ. ಒಂದು ಗ್ಯಾಲನ್ ಪೆಟ್ರೋಲಿಗೆ ಕೆಲವೇ ಗ್ರಾಂ ಸಾಕು, ನಾಕಿಂಗ್ ನಿಂತುಹೋಯ್ತು.

ಇಲ್ಲಿ ನನ್ನೊಳಗಿನ ಕಾಮರ್ಸ್ ವಿದ್ಯಾರ್ಥಿ ಎದ್ದು ಕೂತ. ಆಲ್ಕೋಹಾಲನ್ನ ಯಾವ ರೈತನೂ ಮಾಡಬಲ್ಲ, ಅದರ ಮೇಲೆ ಪೇಟೆಂಟ್ ಕಟ್ಟಿ ಯಾರೂ ಏಕಸ್ವಾಮ್ಯ ನಡೆಸೋಕಾಗಲ್ಲ. ಸೀಸದ ಬೆರಕೆಗೆ ಪೇಟೆಂಟ್ ಇತ್ತು. ಆಲ್ಕೋಹಾಲ್ ಬೆರೆಸಬೇಕಾದರೆ ಟ್ಯಾಂಕಿನ ಶೇ 10ರಿಂದ 20 ಭಾಗ ತೈಲ ಕಂಪನಿಗಳ ಕೈ ತಪ್ಪುತ್ತಿತ್ತು. ಸೀಸಕ್ಕೆ ಕೆಲವು ಹನಿ ಜಾಗ ಸಾಕು. 1923ರ ಫೆಬ್ರುವರಿಯಲ್ಲಿ ಡೇಟನ್‌ನ ಒಂದು ಬಂಕಲ್ಲಿ ಮಾರಾಟ ಶುರು. ಅದೇ ವರ್ಷದ ಇಂಡಿಯಾನಾಪೊಲಿಸ್ 500 ರೇಸಲ್ಲಿ ಮೊದಲ ಮೂರು ಸ್ಥಾನ ಪಡೆದ ಕಾರುಗಳು ಸೀಸದ ಪೆಟ್ರೋಲಲ್ಲೇ ಓಡಿದ್ದವು. ಇದಕ್ಕಿಂತ ಒಳ್ಳೆ ಜಾಹೀರಾತು ಬೇಕಾ? 1924ರಲ್ಲಿ ಜನರಲ್ ಮೋಟರ್ಸ್ ಮತ್ತು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಸೇರಿ ಈಥೈಲ್ ಕಂಪನಿ ಕಟ್ಟಿದವು. ಹೆಸರಲ್ಲಿ ಸೀಸದ ಸುಳಿವೇ ಇಲ್ಲ, ಗಮನಿಸಿ.

ಅದೇ ವರ್ಷದ ಅಕ್ಟೋಬರಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಈ ಸೀಸ ತಯಾರಿಸ್ತಿದ್ದ ಕಾರ್ಮಿಕರಿಗೆ ಭ್ರಮೆ ಹಿಡಿಯಿತು. ಐವರು ಸತ್ತರು, ಇನ್ನೆಷ್ಟೋ ಜನ ಆಸ್ಪತ್ರೆ ಸೇರಿದರು. ಪತ್ರಿಕೆಗಳು ಅದನ್ನ ಹುಚ್ಚು ಹಿಡಿಸೋ ಗ್ಯಾಸ್ ಅಂತ ಕರೆದವು. ಮಿಡ್‌ಗ್ಲೀ ಪತ್ರಕರ್ತರನ್ನ ಕರೆಸಿ, ಅವರೆದುರೇ ಆ ದ್ರವದಲ್ಲಿ ಕೈ ತೊಳೆದು, ಮೂಸಿ ತೋರಿಸಿದರು. ಏನೂ ಆಗಲ್ಲ ಅಂತ. ಅಸಲಿಗೆ ಹಿಂದಿನ ವರ್ಷವೇ ಅವರು ಸೀಸದ ವಿಷ ತಗುಲಿ ಫ್ಲಾರಿಡಾದಲ್ಲಿ ಸುಧಾರಿಸಿಕೊಂಡು ಬಂದಿದ್ದರು. ಕಾರ್ಮಿಕರ ಆರೋಗ್ಯದ ತಜ್ಞೆ ಆಲಿಸ್ ಹ್ಯಾಮಿಲ್ಟನ್ 1925ರಲ್ಲಿ ಬಲವಾಗಿ ವಿರೋಧಿಸಿದರು. ಆ ವರ್ಷವೇ ಹೆನ್ರಿ ಫೋರ್ಡ್, ಮುಂದಿನ ಕಾಲದ ಇಂಧನ ಆಲ್ಕೋಹಾಲ್, ಅದು ಸೇಬಿನಿಂದ, ಕಳೆಯಿಂದ, ಮರದ ಪುಡಿಯಿಂದಲೂ ಬರಬಹುದು ಅಂತ ಪತ್ರಿಕೆಗೆ ಹೇಳಿದ್ದರು. ಯಾವುದೂ ನಡೀಲಿಲ್ಲ.

ಆ ತೀರ್ಮಾನದ ಬಿಲ್ ನಮ್ಮ ತನಕ ಬಂತು. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ದ ಫೆಬ್ರುವರಿಯಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಮಿತಿಗಿಂತ ಜಾಸ್ತಿ ಇತ್ತು. ಜಗತ್ತಲ್ಲಿ ಕಾರುಗಳಿಗೆ ಸೀಸದ ಪೆಟ್ರೋಲ್ ಮಾರಿದ ಕೊನೇ ದೇಶ ಅಲ್ಜೀರಿಯ. ಅದು ನಿಲ್ಲಿಸಿದ್ದು 2021ರ ಜುಲೈನಲ್ಲಿ. ಡೇಟನ್‌ನಿಂದ ಅಲ್ಲಿಗೆ ಸರಿಯಾಗಿ ನೂರು ವರ್ಷ.

ರೇಸಿನವರು ಏನು ಹಾಕಿಸ್ಕೊಂಡ್ರು?

ನೂರು ಆಕ್ಟೇನ್ ಅನ್ನೋ ಅಂಕಿಗೆ ಇರೋ ಮರ್ಯಾದೆ ಸಿಕ್ಕಿದ್ದು ಯುದ್ಧದಲ್ಲಿ. 1940ರಲ್ಲಿ ಬ್ರಿಟಿಷ್ ವಾಯುಪಡೆಯ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳು ನೂರು ಆಕ್ಟೇನ್ ಇಂಧನಕ್ಕೆ ಬದಲಾದವು. ಅವುಗಳ ಮರ್ಲಿನ್ ಇಂಜಿನ್‌ನಲ್ಲಿ ಬೂಸ್ಟ್ 6 ಪೌಂಡಿನಿಂದ 12ಕ್ಕೆ ಏರಿಸೋಕೆ ಸಾಧ್ಯವಾಯ್ತು. ಒಂದು ಮಾತು ಮರೀಬಾರದು: ಬೂಸ್ಟ್ ಏರಿಸಿದ್ದಕ್ಕೇ ಶಕ್ತಿ ಬಂತು. ಬೂಸ್ಟ್ ಏರಿಸದೆ ಬರೀ ಇಂಧನ ಬದಲಾಯಿಸಿದ್ದರೆ ದುಡ್ಡು ದಂಡ. ನಮ್ಮ ಆಫೀಸಲ್ಲಿ ಒಬ್ಬರು ಸಾಧಾರಣ ಸ್ಕೂಟರಿಗೆ ನೂರು ಆಕ್ಟೇನ್ ಹಾಕಿಸಿ "ಪಿಕಪ್ ಬಂತು ಮಾರಾಯ" ಅಂತಾರೆ. ಬಂದಿರೋದು ಬಿಲ್ ಮಾತ್ರ.

ರೇಸಿಂಗ್ ಜಗತ್ತು ಮಾತ್ರ ಆಲ್ಕೋಹಾಲನ್ನ ಯಾವತ್ತೂ ಬಿಡಲಿಲ್ಲ. 1964ರ ಇಂಡಿಯಾನಾಪೊಲಿಸ್ 500ರ ಎರಡನೇ ಸುತ್ತಿನಲ್ಲಿ ಪೆಟ್ರೋಲ್ ಬೆಂಕಿಗೆ ಎಡ್ಡಿ ಸ್ಯಾಕ್ಸ್, ಡೇವ್ ಮ್ಯಾಕ್‌ಡೊನಾಲ್ಡ್ ಅನ್ನೋ ಇಬ್ಬರು ಚಾಲಕರು ಬಲಿಯಾದರು. ಅದಾದ ಮೇಲೆ ಅಲ್ಲಿ ಮೆಥನಾಲ್ ಬಂತು. ಅದರ ಬೆಂಕಿಯನ್ನ ನೀರಲ್ಲೇ ಆರಿಸಬಹುದು. 2007ರಲ್ಲಿ ಆ ಜಾಗಕ್ಕೆ ಎಥನಾಲ್ ಬಂತು. ಅದೇ ವರ್ಷ ಸ್ವೀಡನ್ನಿನ ಕೋನಿಗ್‌ಸೆಗ್ ಕಂಪನಿ ಸಿಸಿಎಕ್ಸ್‌ಆರ್ ಅನ್ನೋ ಕಾರು ತೋರಿಸಿತು. ಪೆಟ್ರೋಲಲ್ಲಿ ಸುಮಾರು 806 ಅಶ್ವಶಕ್ತಿ ಕೊಡ್ತಿದ್ದ ಆ ಇಂಜಿನನ್ನ ಶೇ 85 ಎಥನಾಲಿಗೆ ಹೊಂದಿಸಿದಾಗ ಸಿಕ್ಕಿದ್ದು 1018. ಫಾರ್ಮುಲಾ ಒನ್ ಕೂಡ 2022ರಿಂದ 2025ರವರೆಗೆ ಶೇ 10 ಎಥನಾಲ್ ಬಳಸ್ತಿತ್ತು.

ಹಾಗಾದ್ರೆ ಎಥನಾಲ್ ಸ್ಪೀಡಿಗೆ ಶತ್ರು ಅನ್ನೋ ಮಾತು ಸುಳ್ಳು. ಆದರೆ ಆ ಕಾರುಗಳೆಲ್ಲ ಎಥನಾಲಿಗೆಂದೇ ತಯಾರಾದವು. ನನ್ನ 2016ರ ಬಡಪಾಯಿ ಹಾಗೆ ತಯಾರಾಗಿದ್ದಲ್ಲ.

ಬ್ರೆಜಿಲ್ಲಿನವರ ಲೆಕ್ಕ

ಕಬ್ಬಿಂದ ಕಾರು ಓಡಿಸೋದರಲ್ಲಿ ಗುರುಗಳು ಬ್ರೆಜಿಲ್ಲಿನವರು. 1973ರ ತೈಲ ಬಿಕ್ಕಟ್ಟಿನ ಹೊಡೆತ ತಿಂದು, 1975ರ ನವೆಂಬರಲ್ಲಿ ಪ್ರೊ-ಆಲ್ಕೂಲ್ ಯೋಜನೆ ಶುರುಮಾಡಿದರು. 1979ರಲ್ಲಿ ಪೂರ್ತಿ ಎಥನಾಲಲ್ಲೇ ಓಡೋ ಫಿಯೆಟ್ 147 ಬಂತು. 1980ರ ದಶಕದ ನಡುವಲ್ಲಿ ಅಲ್ಲಿ ಮಾರಾಟವಾಗ್ತಿದ್ದ ಹತ್ತು ಹೊಸ ಕಾರಲ್ಲಿ ಒಂಬತ್ತಕ್ಕೂ ಹೆಚ್ಚು ಎಥನಾಲ್ ಕಾರುಗಳೇ.

ಆಮೇಲೆ ಕಚ್ಚಾ ತೈಲ ಅಗ್ಗವಾಯ್ತು, ಸಕ್ಕರೆಗೆ ಬೆಲೆ ಬಂತು, ಕಾರ್ಖಾನೆಗಳು ಸಕ್ಕರೆ ಕಡೆ ತಿರುಗಿದವು. 1989ರಲ್ಲಿ ಬಂಕುಗಳಲ್ಲಿ ಎಥನಾಲೇ ಇಲ್ಲ, ಉದ್ದುದ್ದ ಕ್ಯೂ. ಸರ್ಕಾರದ ಮಾತು ನಂಬಿ ಎಥನಾಲ್ ಕಾರು ಕೊಂಡವರು ಬೀದಿಯಲ್ಲಿ ನಿಂತರು. ಜನ ಮತ್ತೆ ಅದರ ಕಡೆ ಬಂದಿದ್ದು 2003ರಲ್ಲಿ, ಯಾವ ಪ್ರಮಾಣದ ಮಿಶ್ರಣವನ್ನೂ ತಾನೇ ಗುರುತಿಸಿ ಓಡೋ ಫ್ಲೆಕ್ಸ್ ಕಾರು, ಫೋಕ್ಸ್‌ವ್ಯಾಗನ್ ಗೋಲ್, ಬಂದ ಮೇಲೆ. ಆಯ್ಕೆ ಈಗ ಕಾರಿನವನ ಕೈಯಲ್ಲಿತ್ತು. ಅಲ್ಲಿನ ಜನಕ್ಕೆ ಒಂದು ಬಾಯಿಲೆಕ್ಕ ಇದೆ: ಎಥನಾಲಿನ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಮ್ಮಿ ಇದ್ದರೆ ಎಥನಾಲ್ ಹಾಕಿಸು, ಇಲ್ಲದಿದ್ದರೆ ಪೆಟ್ರೋಲ್ ಹಾಕಿಸು. ಅಲ್ಲೂ ಎಥನಾಲ್ ಇಲ್ಲದ ಪೆಟ್ರೋಲ್ ಬಂಕಲ್ಲಿ ಸಿಗಲ್ಲ. ಸಾಮಾನ್ಯ ಪೆಟ್ರೋಲಲ್ಲೇ 2025ರ ಆಗಸ್ಟಿನಿಂದ ಶೇ 30 ಎಥನಾಲ್. ಆದರೆ ದರಪಟ್ಟಿಯಲ್ಲಿ ಎರಡು ಸಾಲು ಇರುತ್ತೆ, ಎಥನಾಲಿನ ಕಮ್ಮಿ ಶಕ್ತಿಗೆ ತಕ್ಕ ಕಮ್ಮಿ ಬೆಲೆ ಇದೆಯಾ ಅಂತ ನೋಡಿ ಹಾಕಿಸಬಹುದು.

ಮಂಡ್ಯದಿಂದ ಮಾದಾವರದವರೆಗೆ

ಇನ್ನು ನಮ್ಮ ಮನೆ ಕಥೆ. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯಕ್ಕೆ ಹರಿದ ಮೇಲೆ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ಇದ್ದವರು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ, ಕೆನಡಾದ ಲೆಸ್ಲಿ ಕೋಲ್ಮನ್. ಸಕ್ಕರೆ ಮಾಡಿದ ಮೇಲೆ ಉಳಿಯೋದು ಕಾಕಂಬಿ. ಕಾಕಂಬಿಯಿಂದ ಸ್ಪಿರಿಟ್, ಸ್ಪಿರಿಟ್‌ನಿಂದ ನೀರಿನಂಶ ಪೂರ್ತಿ ತೆಗೆದರೆ ವಾಹನಕ್ಕೆ ಹಾಕೋ ಪವರ್ ಆಲ್ಕೋಹಾಲ್. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಅದನ್ನ ಪೆಟ್ರೋಲಿಗೆ ಬೆರೆಸೋಕೆ ಭಾರತೀಯ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು ಅಂದ್ರೆ ನಂಬ್ತೀರಾ? ಆ ಕಾಯ್ದೆಯನ್ನ ಕೆಲಸಕ್ಕೆ ಬಾರದ್ದು ಅಂತ 2000ದಲ್ಲಿ ರದ್ದು ಮಾಡಿದರು. 2001ರಲ್ಲಿ ಅದೇ ಸರ್ಕಾರ ಎಥನಾಲ್ ಬೆರೆಸೋ ಪ್ರಯೋಗ ಶುರುಮಾಡಿತು!

2003ರ ಜನವರಿಯಿಂದ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ 5 ಬೆರಕೆ ಅಂತ ಆಯ್ತು. ಕಾಗದದಲ್ಲಿ ಆಯ್ತು. ಹತ್ತು ವರ್ಷ ಬಿಟ್ಟು 2013-14ರಲ್ಲಿ ನೋಡಿದರೆ ದೇಶದ ಸರಾಸರಿ ಶೇ 1.53. ಆಮೇಲೆ ಎಥನಾಲಿಗೆ ಸರ್ಕಾರವೇ ದರ ನಿಗದಿ ಮಾಡಿತು, 2018ರ ಜೈವಿಕ ಇಂಧನ ನೀತಿ ಬಂತು, 2022ರಲ್ಲಿ ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಇ20 ಬಿಡುಗಡೆಯಾಗಿದ್ದು ನಮ್ಮ ಬೆಂಗಳೂರಲ್ಲೇ, ತುಮಕೂರು ರಸ್ತೆಯ ಮಾದಾವರದಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. 2030ಕ್ಕೆ ಅಂತಿದ್ದ ಶೇ 20ರ ಗುರಿ 2025ಕ್ಕೇ ಮುಟ್ಟಿತು. ರಸ್ತೆಯಲ್ಲಿದ್ದ ಕಾರುಗಳೋ, 2023ರ ಏಪ್ರಿಲ್‌ಗಿಂತ ಹಿಂದಿನವು ಹೆಚ್ಚಿನವು ಇ20ಗೆಂದು ಮಾಡಿದವಲ್ಲ. ನೀತಿ ಆಯೋಗದ 2021ರ ವರದಿಯೇ ಹಳೇ ಕಾರುಗಳಲ್ಲಿ ಇಂಧನ ಕ್ಷಮತೆ ಶೇ 6ರಿಂದ 7 ಇಳಿಯಬಹುದು, ಗ್ರಾಹಕರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಿ ಅಂದಿತ್ತು. ಇಳಿಕೆ ಬಂತು, ರಿಯಾಯಿತಿ ಬರಲಿಲ್ಲ. ಎಥನಾಲ್ ಇಲ್ಲದ ಪೆಟ್ರೋಲನ್ನೂ ಎಲ್ಲ ಬಂಕಲ್ಲಿ ಕೊಡಿ ಅಂತ ಕೇಳಿದ ಅರ್ಜಿಯನ್ನ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು.

ಎಥನಾಲ್ ಅಗ್ಗ, ಲಾಭ ಯಾರೋ ಹೊಡೀತಿದ್ದಾರೆ ಅನ್ನೋ ಮಾತೂ ಪೂರ್ತಿ ಸರಿಯಲ್ಲ. ಕಬ್ಬಿನ ರಸದಿಂದ ಮಾಡಿದ ಎಥನಾಲಿಗೆ ತೈಲ ಕಂಪನಿಗಳು ಕೊಡೋ ದರ ಲೀಟರಿಗೆ 65.61 ರೂಪಾಯಿ, ಮೆಕ್ಕೆಜೋಳದ್ದಕ್ಕೆ 71.86. ಶಕ್ತಿಯ ಲೆಕ್ಕದಲ್ಲಿ 65.61ರ ಎಥನಾಲ್ ಅಂದ್ರೆ, ತೆರಿಗೆಗೆ ಮುಂಚೆಯೇ ನೂರು ರೂಪಾಯಿಯ ಪೆಟ್ರೋಲಿಗೆ ಸಮ. ನಾವು ಕೊಡ್ತಿರೋದು ಆಮದು ತಗ್ಗಿಸೋಕೆ, ಕಬ್ಬಿನ ಬಾಕಿ ತೀರಿಸೋಕೆ. ಅದನ್ನ ಹಾಗೇ ನೇರವಾಗಿ ಹೇಳಿದ್ದಿದ್ದರೆ ಬೈಗುಳ ಸ್ವಲ್ಪ ಕಮ್ಮಿಯಾಗ್ತಿತ್ತೇನೋ.

ಕೊನೆಗೆ ನಾನು ಮಾಡಿದ್ದು

ಮೊದಲು ಆಕ್ಟೇನ್. ನನ್ನ ಕಾರಿಗೆ ಬೇಕಾದ್ದು 95. ಮುಂಚೆ ನಾರ್ಮಲ್ ಪೆಟ್ರೋಲ್ 91 ಇತ್ತು, ಅದಕ್ಕೇ ಪ್ರೀಮಿಯಂ ಹಾಕಿಸ್ತಿದ್ದೆ. ಇ20ಗೆ ಇರೋ ಮಾನದಂಡವೇ 95. ಅಂದ್ರೆ ನಾನು ಬೈತಿದ್ದ ಎಥನಾಲೇ ನನ್ನ ಟರ್ಬೊಗೆ ಬೇಕಾದ ತಾಳ್ಮೆಯನ್ನ ನಾರ್ಮಲ್ ದರದಲ್ಲಿ ಕೊಡ್ತಿದೆ! 95ರ ಪ್ರೀಮಿಯಂ ಪೆಟ್ರೋಲಲ್ಲೂ ಎಥನಾಲ್ ಇದ್ದೇ ಇದೆ, ಹಾಗಾಗಿ ಅದಕ್ಕೆ ಹೆಚ್ಚು ಕೊಡೋದರಲ್ಲಿ ನನ್ನ ಮಟ್ಟಿಗೆ ಅರ್ಥ ಇಲ್ಲ.

ಆಮೇಲೆ ದುಡ್ಡು. ತಿಂಗಳಿಗೆ ಇ20 ನಲವತ್ತು ಲೀಟರ್, 4,120 ರೂಪಾಯಿ. ಎಥನಾಲ್ ಇಲ್ಲದ ಪೆಟ್ರೋಲಲ್ಲಿ ಶಕ್ತಿ ಹೆಚ್ಚು, ಅಷ್ಟೇ ದೂರಕ್ಕೆ 37 ಲೀಟರ್ ಸಾಕು ಅಂದ್ಕೊಳ್ಳಿ. ಲೀಟರಿಗೆ 160ರಂತೆ 5,920. ವ್ಯತ್ಯಾಸ ತಿಂಗಳಿಗೆ 1,800, ವರ್ಷಕ್ಕೆ 21,600. ನನ್ನ ರಿಪೇರಿ ಬಿಲ್ಲೇ 14,000. ಪ್ರತಿ ವರ್ಷ ಪಂಪ್ ಹೋದರೂ ಇ20ಯೇ ಅಗ್ಗ! ಮೇಲಾಗಿ ಆ ಪೈಪುಗಳಿಗೆ ಒಂಬತ್ತು ವರ್ಷ ಆಗಿತ್ತು. ಎಥನಾಲ್ ತಿಂತೋ, ವಯಸ್ಸು ತಿಂತೋ ಅಂತ ಕೇಳಿದೆ. ಯಾರ ಹತ್ರವೂ ಉತ್ತರ ಇರಲಿಲ್ಲ.

ಹಾಗಾಗಿ ದಿನಾ ಓಡಾಟಕ್ಕೆ ಇ20. ಪೈಪುಗಳನ್ನ ಎಥನಾಲ್ ತಡೆಯೋ ರಬ್ಬರಿಗೆ ಬದಲಾಯಿಸಿದ್ದೇನೆ. ಒಂದು ತಿಂಗಳು ಗಾಡಿ ತೆಗೆಯಲ್ಲ ಅಂತ ಗೊತ್ತಿದ್ದರೆ ಮಾತ್ರ, ನಿಲ್ಲಿಸೋ ಮುಂಚೆ ಟ್ಯಾಂಕಲ್ಲಿ ನೂರು ಆಕ್ಟೇನ್ ಇರೋ ಹಾಗೆ ನೋಡ್ಕೊಳ್ತೇನೆ. ನಿಂತ ಟ್ಯಾಂಕಲ್ಲಿ ಎಥನಾಲ್ ನೀರು ಎಳ್ಕೊಂಡು ಕೆಳಗೆ ಬೇರೆಯಾಗೋ ಅಪಾಯ ಇದೆ. ನಿಮ್ಮ ಕಾರಿನ ಸಾಫ್ಟ್‌ವೇರ್ ಬದಲಾಯಿಸಿ ಬೂಸ್ಟ್ ಏರಿಸಿದ್ದರೆ, ಟ್ಯೂನ್ ಮಾಡಿದವರು ಹೇಳಿದ ಆಕ್ಟೇನೇ ಹಾಕಿಸಿ, ಅಲ್ಲಿ ಉಳಿತಾಯ ನೋಡಬೇಡಿ. ಕಾರ್ಬ್ಯುರೇಟರ್ ಕಾಲದ ಹಳೇ ಗಾಡಿಯನ್ನ ಪ್ರೀತಿಯಿಂದ ಇಟ್ಕೊಂಡು ತಿಂಗಳಿಗೊಮ್ಮೆ ಓಡಿಸೋರಿಗೂ 160 ಕೊಡೋದರಲ್ಲಿ ನ್ಯಾಯ ಇದೆ.

ಈ ಲೆಕ್ಕನೆಲ್ಲ ಅಪ್ಪನಿಗೆ ಹೇಳಿದೆ. "ನನ್ ಟ್ಯಾಂಕಲ್ಲಿ ಐದ್ರಲ್ಲಿ ಒಂದ್ ಪಾಲು ನಿಮ್ದೇ ಕಣಪ್ಪ" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. 2025ರ ನವೆಂಬರಲ್ಲಿ ಬೆಳಗಾವಿಯ ಗುರ್ಲಾಪುರ ಕ್ರಾಸಲ್ಲಿ ರೈತರು ಟನ್ನಿಗೆ 3,500 ಕೇಳಿ ಕೂತಿದ್ದು, ಕೊನೆಗೆ 3,300ಕ್ಕೆ ಮುಗಿದಿದ್ದು ಅವರ ತಲೇಲಿ ಇತ್ತು ಅನ್ಸುತ್ತೆ.

"ದುಡ್ಡು ಈಗ ಬೇಗ ಬತ್ತದೆ, ಇಲ್ಲ ಅನ್ನಕಿಲ್ಲ," ಅಂದ್ರು. "ಆದ್ರೆ ಲೀಟ್ರಿಗೆ ಅರ್ವತ್ತೈದು ಕೊಡ್ತಾರೆ ಅಂತೀಯಲ್ಲ, ಒಂದ್ ಟನ್ ಕಬ್ಬಲ್ಲಿ ಎಷ್ಟ್ ಲೀಟ್ರು ಬತ್ತದೆ ಅಂತ ಲೆಕ್ಕ ಹಾಕಿದ್ಯಾ?"

ಹಾಕಿರಲಿಲ್ಲ. ಕಬ್ಬಿನ ರಸವನ್ನ ನೇರ ಎಥನಾಲ್ ಮಾಡಿದರೆ ಟನ್ನಿಗೆ ಸುಮಾರು 70 ಲೀಟರ್. ಗುಣಿಸಿ ನೋಡಿ, 4,600 ರೂಪಾಯಿ ಹತ್ತಿರ ಬರುತ್ತೆ. ಅದರಲ್ಲಿ ಕಾರ್ಖಾನೆಯ ಖರ್ಚು ಎಷ್ಟು, ರೈತನಿಗೆ ಬರಬೇಕಾದ್ದು ಎಷ್ಟು ಅನ್ನೋದು ಮುಂದಿನ ಸಂಚಿಕೆ. ಅದಕ್ಕೆ ಅಪ್ಪನ ಹಳೇ ತೂಕದ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ತಂದಿಟ್ಕೊಂಡಿದ್ದೇನೆ. ನಿಮ್ಮ ಮನೇಲೂ ಅಂಥ ಚೀಟಿಗಳಿದ್ದರೆ ತೆಗೆದಿಟ್ಟುಕೊಳ್ಳಿ, ಜೊತೇಲೇ ಲೆಕ್ಕ ಹಾಕೋಣ.